ರಟ್ಟಿನ ಡಬ್ಬಿಯ ಯಂತ್ರ

ಈ ಕಥೆಯಲ್ಲಿ ಸುಳ್ಳು ಹೇಳುವುದು ಒಂದು ರಟ್ಟಿನ ಡಬ್ಬಿ ಮಾತ್ರ. ಉಳಿದದ್ದೆಲ್ಲ ಅಪ್ಪಟ ನಿಜ. ನಂಬಿಕೆ ಬಾರದಿದ್ದರೆ ಡಬ್ಬಿಯನ್ನೇ ಕೇಳಿ.

ಡಬ್ಬಿ ನಿಂತಿದ್ದದ್ದು ರೈಲು ನಿಲ್ದಾಣದಲ್ಲಿ, ಕಳೆದುಹೋದ ವಸ್ತುಗಳ ಕೋಣೆಯ ಬಾಗಿಲ ಪಕ್ಕ. ಫ್ರಿಜ್ಜು ಬಂದಿದ್ದ ದೊಡ್ಡ ಪೆಟ್ಟಿಗೆಗೆ ಬೂದು ಬಣ್ಣ ಬಳಿದು, ಮುಂದೆ ಜಾಲರಿ ಕೂರಿಸಿ, ಚೀಟಿ ಹೊರಬರಲೆಂದು ಒಂದು ಸೀಳು ಕೊರೆದಿದ್ದರು. ಒಳಗೆ ತಂತಿ ಇರಲಿಲ್ಲ, ಮೋಟಾರು ಇರಲಿಲ್ಲ. ಟೇಪು ಇದ್ದ.

ಟೇಪು ಎಂದು ಹೆಸರಿಟ್ಟವರು ಆಫೀಸಿನವರು. ಯಾರ ಮಾತನ್ನು ಒಮ್ಮೆ ಕೇಳಿದರೂ ಟೇಪ್ ರೆಕಾರ್ಡರಿನ ಹಾಗೆ ಕೆಮ್ಮು ಸಮೇತ ಒಪ್ಪಿಸಿಬಿಡುವ ಆಸಾಮಿ. ಅವರ ಆಫೀಸಿನ ಕಸುಬೂ ಅಂಥದ್ದೇ. ಜನರಿಗೆ ಬೇಕಾದ ಒಂದು ಸೇವೆಯನ್ನು ನಿಜವಾಗಿ ಕಟ್ಟುವ ಮುಂಚೆ ಸುಳ್ಳುಸುಳ್ಳೇ ಮಾದರಿ ಮಾಡಿ, ಬಳಸುವವರ ಮುಂದಿಟ್ಟು, ಅವರು ಎಲ್ಲಿ ಎಡವುತ್ತಾರೆಂದು ನೋಡಿ ತಿದ್ದುವುದು. ಮಾತಾಡುವ ಯಂತ್ರ ತಯಾರಾಗಲು ವರ್ಷ ಹಿಡಿಯುತ್ತದೆ. ಯಂತ್ರದಂತೆ ಮಾತಾಡುವ ಮನುಷ್ಯನನ್ನು ಡಬ್ಬಿಗೆ ತುಂಬಲು ಒಂದು ಮಧ್ಯಾಹ್ನ ಸಾಕು. ಷರತ್ತು ಒಂದೇ: ಪರೀಕ್ಷೆ ಮುಗಿಯುವ ತನಕ ಒಳಗೆ ಮನುಷ್ಯನಿದ್ದಾನೆಂದು ಯಾರಿಗೂ ತಿಳಿಯಬಾರದು. ತಿಳಿದರೆ ಜನ ಯಂತ್ರದ ಮುಂದೆ ಇರುವ ಹಾಗೆ ಇರುವುದಿಲ್ಲ.

ಮೊದಲ ದಿನ ಯಂತ್ರ, "ನಿಮ್ಮ ದೂರು ಏನು?" ಎಂದು ಕೇಳಿತು.

"ದೂರಾ? ಕೂತ್ಕೊಂಡು ಕೇಳು ಹಂಗಾದ್ರೆ," ಎಂದ ಪ್ರಯಾಣಿಕನೊಬ್ಬ, ತಡವಾದ ರೈಲಿನ ದೂರಿನಿಂದ ಹೊರಟು ಸೋಮಾರಿ ಅಳಿಯನ ದೂರಿನ ತನಕ ತಲುಪಿದ.

ಸಂಜೆ ಆಫೀಸಿನ ತಂಡದ ಮೇಡಂ ಆ ಪ್ರಶ್ನೆಗೆ ಅಡ್ಡಗೀಟು ಹೊಡೆದಳು. ಮರುದಿನ ಯಂತ್ರ, "ಏನು ಕಳೆದುಕೊಂಡಿದ್ದೀರಿ?" ಎಂದಿತು. ಹೆಂಗಸೊಬ್ಬಳು ಜಾಲರಿಗೆ ಬಾಯಿಟ್ಟು, "ಎಲ್ಲಾನೂ," ಎಂದಳು. ಡಬ್ಬಿಯೊಳಗಿದ್ದವನಿಗೆ ಸಮಾಧಾನ ಹೇಳೋಣವೆನಿಸಿತು. ಆದರೆ ಯಂತ್ರ ಸಮಾಧಾನ ಹೇಳುವುದುಂಟೇ? "ದಯವಿಟ್ಟು ಬಣ್ಣ ತಿಳಿಸಿ," ಎಂದ. "ಕೆಂಪು ಸೂಟ್‌ಕೇಸು," ಎಂದಳು ಅವಳು, ಮೂಗೆಳೆಯುತ್ತಾ. ಅಲ್ಲಿಂದ ಪ್ರಶ್ನೆ, "ಯಾವ ವಸ್ತು? ಯಾವ ಬಣ್ಣ?" ಎಂದಾಯಿತು. ವಯಸ್ಸಾದವರಿಗಾಗಿ ನಿಧಾನಕ್ಕೆ ಮಾತಾಡಲಿ ಎಂದು ಕೋಣೆ ನೋಡಿಕೊಳ್ಳುತ್ತಿದ್ದ ಕೌಂಟರ್ ಅಕ್ಕ ಹೇಳಿದಳು. ಸ್ವಲ್ಪ ಗತ್ತಿರಲಿ ಎಂದು ನಿಲ್ದಾಣದ ಸಾಹೇಬರು ಹೇಳಿದರು. ಟೇಪು ನಿಧಾನವನ್ನೂ ಗತ್ತನ್ನೂ ಬೆರೆಸಿದ.

ಬೆರೆಸುವುದರಲ್ಲಿ ಅವನು ಎತ್ತಿದ ಕೈ. ಅವನ ಸ್ವಂತ ದನಿಗೆ ಮಾತ್ರ ಗಿರಾಕಿಯೇ ಇರಲಿಲ್ಲ. ಆಫೀಸಿನಲ್ಲಿ, "ಲೋ ಟೇಪು, ಮೇಡಂ ಥರ ಬೈಯೋ," ಎನ್ನುತ್ತಿದ್ದರು. ಬೈಸಿಕೊಂಡು, ನಕ್ಕು, ಜೊತೆಜೊತೆಯಾಗಿ ಮನೆಗೆ ಹೋಗುತ್ತಿದ್ದರು. ಫೋನಿನಲ್ಲಿ ಅವನ ಅಕ್ಕ, "ದೊಡ್ಡಪ್ಪನ ಥರ ಮಾಡೋ, ಮಕ್ಕಳು ಪ್ರಾಣ ತಿಂತಿದಾವೆ," ಎನ್ನುವಳು. ಅವನು ಮಾಡುವನು. ಅತ್ತ ನಗುವೋ ನಗು. ಆ ನಗುವಿನಡಿ "ನೀನು ಹೇಗಿದೀಯ" ಎಂಬ ಮಾತು ಸಿಕ್ಕಿ ಅಪ್ಪಚ್ಚಿಯಾಗಿ, ಫೋನು ಕಟ್ಟಾಗುವುದು. ಬಾಡಿಗೆ ಕೋಣೆಯ ಒಂಟಿ ಕುರ್ಚಿಯಲ್ಲಿ ಅವನು ಫೋನನ್ನು ಕಿವಿಗಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತಿರುತ್ತಿದ್ದ.

ಆ ಊರಿನಲ್ಲಿ ಅವನ ಯೋಗಕ್ಷೇಮ ವಿಚಾರಿಸುತ್ತಿದ್ದವಳು ಕೌಂಟರ್ ಅಕ್ಕ ಒಬ್ಬಳೇ, ಅದೂ, ಅವನ ಲೆಕ್ಕದಲ್ಲಿ, ಯಂತ್ರವೆಂದುಕೊಂಡು. ರೈಲುಗಳಿಲ್ಲದ ಹೊತ್ತಿನಲ್ಲಿ ಸ್ಟೂಲು ಎಳೆದುಕೊಂಡು ಬಂದು ಕೂರುವಳು.

"ಏನಪ್ಪಾ ಯಂತ್ರ, ಊಟ ಆಯ್ತಾ?"

"ಕ್ಷಮಿಸಿ, ಅರ್ಥವಾಗಲಿಲ್ಲ. ಯಾವ ವಸ್ತು? ಯಾವ ಬಣ್ಣ?"

"ನಿನಗೆ ಅದೊಂದು ಬಿಟ್ರೆ ಬೇರೆ ಬರಲ್ಲ, ಪಾಪ," ಎಂದು ಅವಳು ತನ್ನ ಮಂಡಿನೋವಿನ ವರದಿ ಒಪ್ಪಿಸುವಳು. ಇಲ್ಲ ಕಣಕ್ಕ, ಇನ್ನೂ ಆಗಿಲ್ಲ ಎನ್ನಲು ಅವನ ನಾಲಿಗೆ ತುರಿಸುತ್ತಿತ್ತು. ಹೇಳಿದರೆ ಮಾದರಿ ಕೆಡುತ್ತದೆ. ಹೇಳದಿದ್ದರೆ, ಪರೀಕ್ಷೆ ಮುಗಿದ ದಿನ ಡಬ್ಬಿಯನ್ನು ಮಡಚಿ ಒಯ್ಯುತ್ತಾರೆ. ಇಷ್ಟು ದಿನ ತಾನು ಮಾತಾಡಿಸಿದ್ದು ಯಾರನ್ನೆಂದು ಅವಳಿಗೆ ತಿಳಿಯುವುದೇ ಇಲ್ಲ. ಆ ಯೋಚನೆ ಬಂದಾಗಲೆಲ್ಲ ಡಬ್ಬಿ ಇನ್ನಷ್ಟು ಇಕ್ಕಟ್ಟಾಗುತ್ತಿತ್ತು.

ಕೊನೆಯ ದಿನ ಬಂತು. ಸಾಹೇಬರು, ಮೇಡಂ, ಟಿಕೆಟ್ಟಿನವರು ಎಲ್ಲ ಸುತ್ತ ನಿಂತರು. ಕೊನೆಯ ಪರೀಕ್ಷೆ ಕೌಂಟರ್ ಅಕ್ಕನದು.

"ನಮಸ್ಕಾರ. ಯಾವ ವಸ್ತು? ಯಾವ ಬಣ್ಣ?"

"ವಸ್ತು ಅಲ್ಲಪ್ಪ, ಒಬ್ಬ ಹುಡುಗ. ಬಣ್ಣ ನೋಡಿಲ್ಲ," ಎಂದಳು ಅಕ್ಕ. "ದನಿ ಗೊತ್ತು. ಮಾಡಿ ತೋರಿಸ್ಲಾ?"

ಮೇಡಂ ಹುಬ್ಬೇರಿಸಿದಳು. ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ಅಯ್ಯಯ್ಯಪ್ಪಾ, ಕಾಲು ಜೋಮು ಹಿಡೀತಲ್ಲೋ... ಇವತ್ತೂ ಅದೇ ಹೋಟ್ಲಾ? ಬೇಡಪ್ಪ, ಹಸ್ಕೊಂಡಿರೋದೇ ವಾಸಿ... ಹ್ಞೂಂ... ಭಾನುವಾರ ಬೇರೆ ಬರತ್ತೆ. ಏನ್ ಮಾಡೋದೋ ಇಡೀ ದಿನ... ಹ್ಞೂಂ..."

ಮೊದಲ ಮಾತಿಗೇ ಯಾರ ದನಿಯನ್ನಾದರೂ ಹಿಡಿಯುವ ಟೇಪುವಿಗೆ ಇದು ಯಾರದೆಂದು ಹೊಳೆಯಲಿಲ್ಲ. ಮೂಗಿನಿಂದ ಇಳಿಜಾರಿಗೆ ಬಿದ್ದಂತೆ ಎಳೆಯುವ ಆ "ಹ್ಞೂಂ" ಎರಡನೇ ಸಲ ಬಂದಾಗ ಹೊಳೆಯಿತು. ಜನ ಇಲ್ಲವೆಂದುಕೊಂಡು ಡಬ್ಬಿಯೊಳಗೆ ತಾನೇ ಗೊಣಗಿಕೊಂಡದ್ದು! ಊರಿನವರನ್ನೆಲ್ಲ ಅಣಕಿಸಿದವನನ್ನು ಇದುವರೆಗೆ ಯಾರೂ ಅಣಕಿಸಿರಲಿಲ್ಲ. ಒಬ್ಬರ ದನಿ ಇನ್ನೊಬ್ಬರ ಬಾಯಲ್ಲಿ ಹೀಗೆ ಕೂರಬೇಕಾದರೆ ದಿನಗಟ್ಟಲೆ ಕಿವಿಗೊಟ್ಟಿರಬೇಕು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಕ್ಕಾ, ನಿಮಗೆ ಮೊದಲೇ ಗೊತ್ತಿತ್ತಾ?" ಮೇಡಂ ಹಣೆ ಹಿಡಿದುಕೊಂಡಳು.

"ಯಂತ್ರ ಸೀನುತ್ತೇನ್ರೀ ಮೇಡಂ? ಸೀನಿ, 'ಕ್ಷಮಿಸಿ' ಬೇರೆ ಅಂತು."

"ಮತ್ತೆ ಹೇಳೋದಲ್ವಾ! ನಿಮ್ಮ ಪರೀಕ್ಷೆಗಳೆಲ್ಲ ದಂಡ!"

"ಹೇಳಿದ್ರೆ ಎತ್ಕೊಂಡು ಹೋಗ್ತಿದ್ರಿ. ನನಗೆ ತಾನೇ ಮಾತಿಗೆ ಯಾರಿದಾರೆ? ದಿನವೆಲ್ಲ ಯಾರೋ ಬಿಟ್ಟುಹೋದ ಈ ಕೊಡೆಗಳ ಜೊತೆ ಕೂತಿರ್ತೀನಿ," ಎಂದಳು ಅಕ್ಕ. ಆಮೇಲೆ ಡಬ್ಬಿಯತ್ತ ತಿರುಗಿ, ಗತ್ತು, ನಿಧಾನ, ಗೊಣಗಾಟ ಮೂರನ್ನೂ ಬೆರೆಸಿ, "ನಮಸ್ಕಾರ. ಕಾಲು ಜೋಮು. ಯಾವ ಕಾಲು? ಹ್ಞೂಂ..." ಎಂದಳು.

ಟಿಕೆಟ್ಟಿನವರು ಬಿದ್ದು ಬಿದ್ದು ನಕ್ಕರು. ಗತ್ತು ಬೇಕೆಂದಿದ್ದ ಸಾಹೇಬರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಯಂತ್ರವೇ ಗಡಗಡ ನಡುಗತೊಡಗಿತು, ಜಾಲರಿ ಕಳಚಿ ಬಿತ್ತು, ಒಂದು ಮಗ್ಗುಲ ರಟ್ಟು ಹರಿದು ಟೇಪು ಅಂಗಾತ ಹೊರಗುರುಳಿದ. ಎಷ್ಟೋ ದಿನದಿಂದ ಬಳಸದ ಅವನ ಸ್ವಂತ ನಗು ಒಡಕು ಒಡಕಾಗಿ ಹೊರಟು, ಪ್ಲಾಟ್‌ಫಾರ್ಮಿನ ಆ ತುದಿಯವರೂ ತಿರುಗಿ ನೋಡುವಷ್ಟು ಜೋರಾಗಿ, ಎಲ್ಲರ ನಗುವನ್ನೂ ಮುಚ್ಚಿಹಾಕಿತು.