ಬಾಗಿಲ ಹಿಂದಿನ ಹದ

"ಕೈ ನಿಲ್ಲಿಸಬೇಡ ಕಣೇ, ತಳ ಹಿಡಿಯುತ್ತೆ!" ಎಂದು ನೆರೆಮನೆಯ ಸದಾಯೊ ಕೂಗಿದಾಗ ಚಿಹಾರು ಮರದ ಸೌಟನ್ನು ಇನ್ನೂ ಒತ್ತಿ ತಿರುಗಿಸಿದಳು. ಪಕ್ಕದ ಕೋಣೆಯಲ್ಲಿ ಅವಳ ಅತ್ತೆ ತೊಮೆ ಬಿಳಿ ಕಿಮೋನೊದಲ್ಲಿ, ತಲೆ ಉತ್ತರಕ್ಕಿಟ್ಟು ಮಲಗಿದ್ದಳು. ದಿಂಬಿನ ಬಳಿ ಅನ್ನದ ಬಟ್ಟಲಲ್ಲಿ ಊಟದ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಮಧ್ಯಾಹ್ನ ಹೆಣ ಎತ್ತುವುದರೊಳಗೆ ಎಳ್ಳಿನ ತೋಫು ಅವಳ ಮುಂದಿಡಬೇಕಿತ್ತು.

ಕೋಯಾ ಬೆಟ್ಟದ ಕೆಳಗಿನ ಆ ಹಳ್ಳಿಯಲ್ಲಿ ಯಾರು ಸತ್ತರೂ ಸಾವಿನೂಟಕ್ಕೆ ಅದನ್ನು ಮಾಡುತ್ತಿದ್ದವಳು ತೊಮೆಯೇ. ಎಳ್ಳು ನುಣ್ಣಗೆ ಅರೆಯುವುದು ಸದಾಯೊಗೆ ಗೊತ್ತು. ಅದರ ಹಾಲು ಹಿಂಡಿ, ಕುಜು ಗೆಡ್ಡೆಯ ಹಿಟ್ಟು ಕದಡಿ, ಒಲೆಯ ಮೇಲೆ ತಿರುಗಿಸುವುದು ಚಿಹಾರುಗೆ ಗೊತ್ತು. ಇಳಿಸುವ ಹದ ಮಾತ್ರ ಯಾರಿಗೂ ಗೊತ್ತಿಲ್ಲ. ಬೇಗ ಇಳಿಸಿದರೆ ಅಚ್ಚಿನಿಂದ ತೆಗೆದ ಕೂಡಲೇ ಕುಸಿದುಬಿಡುತ್ತದೆ.

"ಊರಿಗೆಲ್ಲ ಮಾಡಿ, ತನ್ನ ಸಾವಿಗೇ ಇಲ್ಲದ ಹಾಗೆ ಮಾಡ್ಕೊಂಡ್ಳಲ್ಲ, ಮಹಾರಾಯ್ತಿ!" ಎಂದು ಸದಾಯೊ ಕಣ್ಣೊರೆಸಿಕೊಂಡಳು.

* * *

ಹೋದ ಚಳಿಗಾಲ ಬಡಗಿ ಗೆಂಪಾಚಿ ಸತ್ತಾಗಲೂ, ಪಾತ್ರೆಯಲ್ಲಿದ್ದದ್ದು ಗಟ್ಟಿಯಾಗುತ್ತಿದ್ದ ಹಾಗೇ ತೊಮೆ ಸೌಟು ಕಿತ್ತುಕೊಂಡಿದ್ದಳು.

"ಸಾಕು, ಎಲ್ರೂ ಆಚೆ ನಡೀರಿ."

"ಅತ್ತೆ, ನಂಗಾದ್ರೂ ತೋರಿಸಬಾರ್ದಾ?"

"ನಿಂಗಂತೂ ತೋರಿಸಲ್ಲ," ಎಂದು ಬಾಗಿಲು ಎಳೆದುಕೊಂಡಳು. ಮತ್ತೆ ಬಾಗಿಲು ತೆರೆದಾಗ ಅವಳ ಕಣ್ಣು ಕೆಂಪಗಿತ್ತು. ಹೊಗೆಯಿರಬೇಕು ಎಂದುಕೊಂಡರು ಎಲ್ಲರೂ.

* * *

"ಮಾವ, ಅತ್ತೆ ಒಳಗೆ ಏನ್ಮಾಡ್ತಿದ್ರು? ನಿಮಗೆ ಗೊತ್ತಾ?" ಎಂದು ಚಿಹಾರು ಕೂಗಿ ಕೇಳಿದಳು.

ಹೆಣದ ಪಕ್ಕ ಊದುಬತ್ತಿ ಆರದಂತೆ ನೋಡಿಕೊಳ್ಳುತ್ತಿದ್ದ ತೊಮೆಯ ಗಂಡ, ಮುದುಕ ಕಿಚಿಜೋ ತಲೆಯೆತ್ತಿದ.

"ಬೈತಿದ್ಲು. ಗೋಡೆಯಾಚೆ ನಂಗೆ ಕೇಳ್ಸೋದು."

"ಯಾರನ್ನ?"

"ಸತ್ತೋರನ್ನ. ಗೆಂಪಾಚಿಗೆ ಏನ್ ಬೈದ್ಲು ಅಂತೀಯಾ! ಗರಗಸ ಒಯ್ದೋನು ವಾಪಸ್ ಕೊಡ್ಲಿಲ್ಲ, ನನ್ನ ಹಾಡು ಕೇಳಿ ನಕ್ಕ ಅಂತ. ಹೊಟ್ಟೇಲಿದ್ದಿದ್ದೆಲ್ಲ ಖಾಲಿಯಾದ್ಮೇಲೆ ಅಳೋಳು. ಅತ್ತಾದ್ಮೇಲೆ ಇಳಿಸೋಳು. ಕಹಿ ಇಟ್ಕೊಂಡು ಸಾವಿನೂಟ ಬಡಿಸಬಾರ್ದು ಅಂತಿದ್ಲು."

ಸದಾಯೊ ಎಳ್ಳು ಅರೆದ ಕಲ್ಲನ್ನು ಬದಿಗೆ ಸರಿಸಿದಳು. ಮೆಲ್ಲಗೆ ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಚಿಹಾರು ಸೌಟು ತಿರುಗಿಸುತ್ತಲೇ ಹೆಣವಿದ್ದ ಕೋಣೆಯತ್ತ ಮುಖ ಮಾಡಿದಳು.

"ಅತ್ತೆ," ಎಂದಳು, "ನಾನು ಬಂದ ಹೊಸದ್ರಲ್ಲಿ ನನ್ನ ಮಿಸೊ ಸಾರನ್ನ ಎಲ್ರೆದುರಿಗೇ ಚೆಲ್ಲಿಬಿಟ್ರಿ."

ಸೌಟು ಕಲ್ಲಿನಷ್ಟು ಭಾರವಾಗಿತ್ತು.

"ನಮ್ಮಮ್ಮಂಗೆ ಕಾಯಿಲೆಯಾದಾಗ, ನಾಟಿ ಮುಗಿಸಿ ಹೋಗು ಅಂದ್ರಿ. ನಾನು ಹೋಗೋಷ್ಟ್ರಲ್ಲಿ ಅಮ್ಮ ಇರ್ಲಿಲ್ಲ. ಅದನ್ನ ನಾನು ಕ್ಷಮಿಸಿರ್ಲಿಲ್ಲ ಅತ್ತೆ. ಊಟಕ್ಕೆ ಕೂತಾಗೆಲ್ಲ ನೆನಪಾಗೋದು. ನಿಮಗೂ ಗೊತ್ತಿತ್ತು, ಅಲ್ವಾ? ಅದಕ್ಕೇ ನಂಗಂತೂ ತೋರಿಸಲ್ಲ ಅಂದಿದ್ದಾ?"

ಚಿಹಾರು ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಕೈ ನಿಲ್ಲಿಸಲಿಲ್ಲ. ಹೇಳುವುದಕ್ಕೆ ಇನ್ನೇನೂ ಉಳಿಯದೆ ಕಣ್ಣೊರೆಸಿ ನೋಡಿದರೆ, ಪಾತ್ರೆಯ ಅಂಚಿಗೆ ಅಂಟುತ್ತಿದ್ದದ್ದು ತಾನಾಗಿ ಬಿಟ್ಟುಕೊಂಡು, ಉಂಡೆಗಟ್ಟಿ, ಒದ್ದೆ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಪಾತ್ರೆಯನ್ನು ಇಳಿಸಿ, ಅಚ್ಚಿಗೆ ಸುರಿದು, ತಣ್ಣೀರಿನಲ್ಲಿಟ್ಟಳು.

ಮಧ್ಯಾಹ್ನ ಭಿಕ್ಷು ಬಂದು ಗಂಟೆ ಬಾರಿಸಿದ. ಕೋಣೆ ತುಂಬ ಜನ, ಯಾರೂ ಅಲುಗಲಿಲ್ಲ. ತೊಮೆಯ ಮುಂದಿಟ್ಟ ಬಿಳಿಯ ತುಂಡು ಮಾತ್ರ ಪ್ರತಿ ಸದ್ದಿಗೂ ಒಮ್ಮೆ ನಡುಗುತ್ತಿತ್ತು, ಮತ್ತೆ ಕುಸಿಯದೆ ನಿಲ್ಲುತ್ತಿತ್ತು.