ಕೂಗದೆ ಹೊಡೆಯುವವನು

ಹಣ್ಣಾಗದ ಹಸಿರು ಕಾಯಿ ಕುಯ್ದನೆಂದು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಬಸಪ್ಪ ಆಳು ಚಿಕ್ಕಯ್ಯನನ್ನು ಬೆತ್ತದಲ್ಲಿ ಹೊಡೆದ, ಕೈಮೂಳೆ ಮುರಿಯಿತು. ಸೋಮವಾರ ಎಸ್ಟೇಟಿನ ದೊರೆ ಕೇಳಿದರೆ ಗಂಡ ಕಣದಲ್ಲಿ ಜಾರಿ ಬಿದ್ದನೆಂದು ಹೇಳಬೇಕು, ಇಲ್ಲದಿದ್ದರೆ ಆಳುಗಳ ಲೈನಿನ ಮನೆ ಖಾಲಿ ಮಾಡಬೇಕು ಎಂದು ಚಿಕ್ಕಯ್ಯನ ಹೆಂಡತಿ ದ್ಯಾವಮ್ಮನಿಗೆ ಹೇಳಿದ. ಭಾನುವಾರ ಲೈನಿನವರಿಗೆಲ್ಲ ಮೂಡಿಗೆರೆಯ ಟೆಂಟಿನ ಸಿನಿಮಾ ಆಟಕ್ಕೆ ಚೀಟಿಯನ್ನೂ ಕೊಡಿಸಿದ.

"ನೀನೂ ಹೋಗು. ಹೋಗದಿದ್ರೆ ರೈಟರು ಬೇರೆ ಅರ್ಥ ಮಾಡ್ಕೋತಾರೆ," ಎಂದು ಚಿಕ್ಕಯ್ಯನೇ ಕಳಿಸಿದ.

ದ್ಯಾವಮ್ಮ, ಪಕ್ಕದ ಮನೆಯ ಕೃಷ್ಣಮ್ಮ ಮರಳಿನ ಮೇಲೆ ಕೂತರು. ರೈಟರ್ ಹಿಂದೆ ಕುರ್ಚಿಯಲ್ಲಿ. ಪರದೆಯ ಮೇಲಿನ ಮಾತು ತಮಿಳು. ಜಮೀನ್ದಾರನ ವೇಷದವನು ಬಂದ ಕೂಡಲೇ ಕೃಷ್ಣಮ್ಮ ಗುರುತು ಹಿಡಿದಳು.

"ಹೋದ ವರ್ಷದ ಆಟದಲ್ಲಿ ರಾಕ್ಷಸ ಆಗಿದ್ದೋನು ಇವ್ನೇ ಕಣೆ. ಕಣ್ಣುಗುಡ್ಡೆ ಹೊರಳಿಸಿ ಕೂಗಿದ್ದೇ ಕೂಗಿದ್ದು, ನಾವು ನಕ್ಕಿದ್ದೇ ನಕ್ಕಿದ್ದು."

ಈ ಸಲ ಅವನು ಕೂಗಲಿಲ್ಲ. ಒಕ್ಕಲಿನವನೊಬ್ಬನನ್ನು ಕಂಬಕ್ಕೆ ಕಟ್ಟಿಸಿ, ಮದುವೆಗೆ ಹೊರಟವನ ಹಾಗೆ ಅಂಗಿಯ ತೋಳನ್ನು ಮಡಿಸಿ ಮಡಿಸಿ ಸರಿಮಾಡಿಕೊಂಡ. ಚಾಟಿ ಎತ್ತುವ ಮೊದಲು ಸುಮ್ಮನೆ ನಿಂತ. ಟೆಂಟಿನಲ್ಲಿ ಈ ಸಲ ಯಾರೂ ನಗಲಿಲ್ಲ.

"ಎಷ್ಟು ಸಾವಧಾನ ನೋಡೇ," ಅಂದಳು ದ್ಯಾವಮ್ಮ. "ಹೊಡೆಯೋರು ಹಿಂಗೇ. ಇವನಿಗೆ ಯಾರು ಹೇಳಿಕೊಟ್ರೋ."

"ಹಾಳಾದೋನು. ಮುಖಕ್ಕೆ ಮರಳು ಎರಚ್ತೀನಿ."

"ಸುಮ್ನಿರು ಮಾರಾಯ್ತಿ. ಹಂಗೆ ಆಡಿ ತೋರ್ಸೋದು ದೊಡ್ಡ ವಿದ್ಯೆ."

ಏಟು ಮುಗಿದವು. ಚಾಟಿ ಇಳಿಸಿದ ಆ ನಟ ಒಂದು ಗಳಿಗೆ ಸುತ್ತ ಕಣ್ಣಾಡಿಸಿದ. ಅಷ್ಟೇ. ಕಲ್ಲಿನಂಥ ಮುಖದಲ್ಲಿ, ನೋಡಿದವರು ಯಾರು ಯಾರು ಎಂದು ಹುಡುಕುವ ಪುಕ್ಕಲುತನವೊಂದು ಇಣುಕಿ ಮರೆಯಾಯಿತು. ದ್ಯಾವಮ್ಮನ ಗಂಡನಿಗೆ ಏಟು ಬೀಳುವಾಗ ಇಡೀ ಲೈನು ನೆಲ ನೋಡುತ್ತ ನಿಂತಿತ್ತು. ಹೊಡೆದವನ ಕಣ್ಣನ್ನು ಅವಳು ನೋಡಿರಲೇ ಇಲ್ಲ. ಹಿಂದಕ್ಕೆ ತಿರುಗಿದಳು. ಕುರ್ಚಿಯಲ್ಲಿ ಸಿದ್ದಬಸಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೂತಿದ್ದ.

ಸೋಮವಾರ ಹಾಜರಿಯ ಹೊತ್ತಿಗೆ ದೊರೆ ಕುದುರೆ ನಿಲ್ಲಿಸಿ, ಚಿಕ್ಕಯ್ಯ ಎಲ್ಲಿ, ಏನಾಯಿತು ಎಂದು ಕೇಳಿದ.

"ಹೇಳು ದ್ಯಾವಮ್ಮ, ಜಾರಿ ಬಿದ್ದ ಅಂತ," ಸಿದ್ದಬಸಪ್ಪ ಮೆಲ್ಲಗೆ ಅಂದ.

ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. ಅವನು ದೊರೆಯ ಕಡೆಗೊಮ್ಮೆ, ಆಳುಗಳ ಸಾಲಿನ ಕಡೆಗೊಮ್ಮೆ ಕಣ್ಣು ಹಾಯಿಸಿದ.

"ಆ ಮಾತು ನಾನು ಹೇಳಲ್ಲ ರೈಟರೇ."

ಹಿಂದೆ ನಿಂತಿದ್ದ ಕೃಷ್ಣಮ್ಮ ಕಾಯಿ ಕುಯ್ಯುವ ಬುಟ್ಟಿಯನ್ನು ಸೊಂಟದಿಂದ ಬಿಚ್ಚಿ ನೆಲಕ್ಕಿಟ್ಟು ದ್ಯಾವಮ್ಮನ ಪಕ್ಕಕ್ಕೆ ಬಂದು ನಿಂತಳು.