ಪೂರಾ ಕಾಟನ್ನು

ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು, ಅಬ್ಬಬ್ಬಾ, ಸ್ವೆಟರ್ರೋ ಇದು, ಇಲ್ಲ ಕುರೀನೇ ಬೀರುವಿನೊಳಗೆ ಹೊಕ್ಕು ಮಲಗಿತ್ತೋ — ಕೊಡವಿದರೆ ಎರಡು ಗುಳಿಗೆ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿದವು, ಉರುಳಲಿ, ಕುಸುಮ ಬಗ್ಗಲಿಲ್ಲ, ಮರೂನ್ ಬಣ್ಣದ ಆ ದಪ್ಪ ಸ್ವೆಟರನ್ನು ಸೂಟ್‌ಕೇಸಿನ ತಳಕ್ಕೆ ಹಾಸಿ, ತೋಳೆರಡನ್ನೂ ಎದೆಯ ಮೇಲೆ ಮಡಚಿ, ಅದರ ಮೇಲೊಂದು ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು, ಕಾಲುಚೀಲ, ಕೈಗವಸು, ಅಡುಗೆಮನೆಯಿಂದ ಅತ್ತೆ ಇಂದ್ರಮ್ಮನ ಗಂಟಲು, ಮಂಕಿ ಟೋಪಿ ಮಡಗ್ದೇನಮ್ಮ ಕುಸ್ಮಾ, ಮಡಗ್ದೆ ಅತ್ತೆಮ್ಮ, ಎಲ್ಡೂ ಮಡಗು, ಒಂದು ನೆಂದ್ರೆ ಇನ್ನೊಂದಕ್ಕಾಯ್ತದೆ, ಎಲ್ಡೂ ಮಡಗ್ದೆ ಅತ್ತೆಮ್ಮ. ಹೊರಗೆ ಆಷಾಢದ ಗಾಳಿ ಕಿಟಕಿಯನ್ನು ಪಟಪಟ ಬಡಿಯುತ್ತಿದೆ, ನೋಡ್ದಾ, ನಮ್ಮ ಮದ್ದೂರ್ನಾಗೇ ಇಷ್ಟು ಗಾಳಿ, ಇನ್ನು ಫಾರಿನ್ ಅಂದ್ರೆ ಎಂಗಿರ್ಬೇಕು, ಸಿನಿಮಾದಾಗೆ ನೋಡಿಲ್ವಾ, ಆ ಹುಡ್ಗಿ ಐಸ್ ಮೇಲೆ ಕುಣೀತಾಳೆ, ಬಾಯಾಗೆ ಹೊಗೆ ಬತ್ತದೆ. ಹೌದು ಅತ್ತೆಮ್ಮ, ಹೊಗೆ ಬತ್ತದೆ, ನಿಮ್ಮ ಬಾಯಲ್ಲೂ ಬರಲಿ, ಕಿವಿಯಲ್ಲೂ ಬರಲಿ.

ರೋಮಂತೆ ರೋಮು, ಇಟಲಿ ದೇಶದ್ದು. ಮಾವ ಹೊನ್ನಯ್ಯನವರ ಅಂಗಡಿ ಈ ವರ್ಷ ತಾಲ್ಲೂಕಿಗೇ ಜಾಸ್ತಿ ಸಿಮೆಂಟು ಮಾರಿತು ಅಂತ ಕಂಪನಿಯವರು ಮಾವ ಅತ್ತೆ ಇಬ್ಬರನ್ನೂ ಕರೆದುಕೊಂಡು ಹೋಗಿ ಊರು ತೋರಿಸಿ ತಂದು ಬಿಡುತ್ತಾರೆ, ಕಂಪನಿಯ ಮಂಡ್ಯದ ಆಫೀಸರ್ ವರದರಾಜಪ್ಪನವರೂ ಹೆಂಡತಿ ಕನಕಲಕ್ಷ್ಮಿಯೂ ಜೊತೆಗೆ ಬರುತ್ತಾರೆ, ಸಂಜೆ ಕಾರು ಬರುತ್ತದೆ, ಸೂಟ್‌ಕೇಸು ತುಂಬುವುದು ಸೊಸೆಯ ಕೆಲಸ, ಓದಿದ ಸೊಸೆ ತಾನೆ. ಓದಿದ್ದಾಳೆ, ಚೆನ್ನಾಗಿಯೇ ಓದಿದ್ದಾಳೆ, ಕಂಪನಿಯವರು ಇಂಗ್ಲಿಷಿನಲ್ಲಿ ಕಳಿಸಿದ ಮೆಸೇಜನ್ನು ಗಂಡ ಸಂತೋಷ ಅಂಗಡಿಯಿಂದಲೇ ಅವಳ ಫೋನಿಗೆ ತಳ್ಳಿದ್ದ, ಅಮ್ಮಂಗೆ ಓದಿ ಹೇಳು ಅಂತ, ಅವಳು ಓದಿದಳು, ಎರಡು ಸಲ ಓದಿದಳು — ಬಿಸಿಲು ವಿಪರೀತವಿದೆ, ತೆಳ್ಳಗಿನ ಹತ್ತಿ ಬಟ್ಟೆ ಮಾತ್ರ ತನ್ನಿ, ತಲೆಗೆ ಬಿಸಿಲಿನ ಟೋಪಿ, ನೀರಿನ ಬಾಟ್ಲಿ, ಕಲ್ಲುಹಾಸಿನ ಬೀದಿಗಳಲ್ಲಿ ದಿನವಿಡೀ ನಡಿಗೆ — ಓದಿ ಫೋನನ್ನು ಮಗುಚಿ ಇಟ್ಟಳು. ಹೇಳಲಿಲ್ಲ. ಮಾವನೇ ಊಟದ ಹೊತ್ತಿಗೆ, ವರದರಾಜಪ್ನೋರು ಅಲ್ಲೀಗ ಸೆಕೆ ಅಂದಂಗಿತ್ತು ಕಣೆ ಅಂದಿದ್ದರು, ಅತ್ತೆ ಸೌಟು ಎತ್ತಿ, ಸುಮ್ಕಿರಿ, ಸಿಮೆಂಟ್ ಮೂಟೆ ಎಣಿಸೋರ್ಗೆ ಫಾರಿನ್ ಏನ್ ಗೊತ್ತು, ಏನಮ್ಮ ಕುಸ್ಮಾ, ಚಳಿ ಅಲ್ವಾ ಅಲ್ಲಿ? ಮುದ್ದೆ ಮುರಿಯುತ್ತಿದ್ದ ಕುಸುಮಳ ಕೈ ನಿಂತಿತು. ಮದುವೆಗೆ ಮುಂಚೆ ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ದಿನಾ ಬೆಳಿಗ್ಗೆ ಹೊಲದ ನಡುವಿನ ಬಿಳೀ ಗೂಡಿನ ಬಾಗಿಲು ತೆಗೆದು ಥರ್ಮಾಮೀಟರ್ ನೋಡಿ ಸೆಕೆ ಎಷ್ಟು ಚಳಿ ಎಷ್ಟು ಅಂತ ಬರೆಯುವುದೇ ಅವಳ ಕೆಲಸವಾಗಿತ್ತು, ಒಂದು ದಿನವೂ ಸುಳ್ಳು ಬರೆದವಳಲ್ಲ, ಆ ಕೆಲಸ ಬಿಡಿಸಿದವರೂ ಇವರೇ, ನಮ್ಮನೆ ಸೊಸೆ ಬಿಸ್ಲಲ್ ನಿಂತ್ಕಂಡು ಗಾಳಿ ಲೆಕ್ಕ ಹಾಕದಾ, ಜನ ನಗ್ತರೆ ಬುಡು ಅಂತ. ಹೂಂ ಅತ್ತೆಮ್ಮ, ಚಳಿ, ಅಂದಳು ಕುಸುಮ. ವಿಪರೀತ ಚಳಿ. ಓದಿದ್ದು ಈ ಮನೆಯಲ್ಲಿ ಮೊದಲನೇ ಸಲ ಉಪಯೋಗಕ್ಕೆ ಬಂತು.

ಮಂಚದ ಮೇಲೆ ಅತ್ತೆಯೇ ತೆಗೆದಿಟ್ಟು ಹೋದ ಮೂರು ನೂಲಿನ ಸೀರೆಗಳಿವೆ, ಮನೆಯಲ್ಲಿ ಉಡುವಂಥವು, ಒಗೆದು ಒಗೆದು ಮೆತ್ತಗಾದವು, ಇವನ್ನೂ ಮಡಗು ಅಂದಿದ್ದಳು, ಹೋಟ್ಲು ರೂಮ್‌ನಾಗೆ ಉಟ್ಕಳಕ್ಕೆ. ಕುಸುಮ ಮೂರನ್ನೂ ಎತ್ತಿ ಬೀರುವಿನ ಮೇಲಿನ ಅರೆಗೆ ತುರುಕಿದಳು, ಕಾಟನ್ನು ಚಳಿ ತಡ್ಯಕ್ಕಿಲ್ಲ ಅತ್ತೆಮ್ಮ, ರೇಷ್ಮೆ ಒಯ್ಯಿರಿ, ರೇಷ್ಮೆ ಬೆಚ್ಚಗಿರುತ್ತೆ, ಆ ದಪ್ಪ ಪಾಲಿಸ್ಟರ್‌ನೂ ಇಡ್ತೀನಿ, ಸುಕ್ಕಾಗಲ್ಲ — ಅಂದದ್ದಕ್ಕೆ ಬಾಗಿಲಲ್ಲಿ ನಿಂತು ಇಂದ್ರಮ್ಮ ಹೂಂಗುಟ್ಟಿದಳು, ಸರಿ ಕಣಮ್ಮ, ಓದ್ದೋಳು ನೀನು, ನಿಂಗೇ ಗೊತ್ತು. ನಿಂಗೇ ಗೊತ್ತು! ಈ ಮಾತು ಕೇಳೋಕೆ ಎಷ್ಟು ವರ್ಷ ಕಾದಿದ್ದಳು, ಈಗ ಬಂತು, ಸುಳ್ಳಿನ ಬೆನ್ನು ಹತ್ತಿ ಬಂತು, ಎದೆಯೊಳಗೆ ಎಲ್ಲೋ ಒಂದು ಚಿಟಿಕೆಯಷ್ಟು ಕರಗಿತು ಕೂಡ, ಹೇಳಿಬಿಡಲೇ, ಅಲ್ಲಿ ಕುದೀತಾ ಇದೆ ಅತ್ತೆಮ್ಮ, ಈ ಉಣ್ಣೆ ಗಿಣ್ಣೆ ಏನೂ ಬೇಡ ಅಂತ — ಅಷ್ಟರಲ್ಲಿ ಇಂದ್ರಮ್ಮ ಸೆರಗಿಗೆ ಕೈ ಒರಸುತ್ತಾ, ಅಲ್ಲಿ ಅಡುಗೆಮನೆ ಟವಲ್ಲು ಬೋ ಚೆನ್ನಾಗಿರ್ತವಂತೆ, ಕನಕಲಕ್ಷ್ಮಿ ಹೇಳ್ತಿದ್ರು, ಒಂದ್ನಾಕು ತತ್ತೀನಿ, ನಿಮ್ಮವ್ವನ ಆ ಚಿಂದೀನ ಬಂದ್ಮೇಲೆ ತಿಪ್ಪೆಗಾಕುವೆ, ನೋಡಕ್ಕಾಗಕ್ಕಿಲ್ಲ.

ಚಿಂದಿ. ಅಡುಗೆಮನೆಯ ಮೊಳೆಗೆ ನೇತಾಡುವ ಮಸಿಬಟ್ಟೆ. ಹಳದಿ, ಈಗ ಹಳದಿ ಅಂತ ಹೇಳಿದರೆ ಯಾರೂ ನಂಬಲ್ಲ, ಅಂಚೆಲ್ಲ ಸುಟ್ಟು ಕಂದು, ನಡುವೆ ಸಾರಿನ ಕಲೆ, ಒಂದು ಮೂಲೆಯಲ್ಲಿ ಗಿಳಿ. ಒಂದೇ ಗಿಳಿ. ಎರಡಿದ್ದವು, ಎದುರುಬದುರು, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು, ಕುಸುಮಳ ಎದೆಯ ಮೇಲೆ. ಮಳವಳ್ಳಿಯಲ್ಲಿ ಬಸ್ಟ್ಯಾಂಡಿನ ಹಿಂದಿನ ಬೀದಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಊರ ಹೆಂಗಸರ ರವಿಕೆಯೆಲ್ಲ ಹೊಲಿದು ಹೊಲಿದು ಕಣ್ಣಿಗೆ ಪೊರೆ ಬಂದಿದ್ದ ಅವ್ವ, ದೇವಿರಮ್ಮ, ಮಗಳಿಗೆ ಕೆಲಸ ಸಿಕ್ಕಿತು ಅಂತ ಹಳದಿ ಬಟ್ಟೆ ತಂದು ಚೂಡಿದಾರ ಹೊಲಿದಳು, ಪೂರಾ ಕಾಟನ್ನು ಕಣೇ ಮಗ, ಬಿಸ್ಲಲ್ ನಿಂತು ಕೆಲ್ಸ ಮಾಡೋಳು ನೀನು, ಮೈ ಬೇಯಬಾರದು, ಸೂಜಿಗೆ ದಾರ ಪೋಣಿಸಿ ಕೊಡು ಬಾ, ಕಣ್ಣು ಕಾಣಕ್ಕಿಲ್ಲ — ಎದೆಯ ಮೇಲಿನ ಜೋಡಿ ಗಿಳಿಗೆ ಕುಸುಮ ಹಸಿರು ದಾರ ಪೋಣಿಸಿಕೊಟ್ಟಳು, ಕೊನೆಗೆ ಕೆಂಪು, ಗಿಳಿಯ ಕಣ್ಣಿಗೆ. ಕಣ್ಣು ಕಾಣದವಳು ಗಿಳಿಗೆ ಕಣ್ಣು ಇಟ್ಟಳು. ಒಂದು ಗಿಳಿಯ ಕಣ್ಣು ಕೊಂಚ ದೊಡ್ಡದಾಯಿತು, ಗುರ್ ಅಂತ ನೋಡುವ ಹಾಗೆ, ಬಿಚ್ಚಿ ಮತ್ತೆ ಹಾಕ್ಲಾ ಅಂದಳು, ಬೇಡ ಬುಡವ್ವಾ, ದೃಷ್ಟಿ ತಾಗದಂಗೆ ನೋಡ್ಕೊಳ್ಳಲಿ. ಆಮೇಲೆ ಅವ್ವ ಕಸೂತಿ ಹಾಕಲಿಲ್ಲ, ಆಮೇಲೆ ಹೊಲಿಯಲೂ ಇಲ್ಲ, ಆಮೇಲೆ ಇರಲೂ ಇಲ್ಲ.

ಅವ್ವನ ವರ್ಷದ ಎಡೆಗೆ ಅಂತ ಮಳವಳ್ಳಿಗೆ ಹೋದವಳು ಎರಡು ದಿನ ಇದ್ದು ತಿರುಗಿ ಬಂದಳು, ಚಪ್ಪಲಿ ಬಿಟ್ಟು ಅಡುಗೆಮನೆಗೆ ಕಾಲಿಟ್ಟಳು, ಇಂದ್ರಮ್ಮ ಹಾಲಿನ ಪಾತ್ರೆ ಇಳಿಸುತ್ತಿದ್ದಾಳೆ, ಕೈಯಲ್ಲಿ ಹಳದಿ, ಹಳದಿಯೊಳಗೆ ಹಸಿರು, ಪಾತ್ರೆಯ ಕರಿ ಅಂಚಿಗೆ ಒತ್ತಿಕೊಂಡು ಗಿಳಿ. ಕತ್ತರಿ ಎರಡು ಗಿಳಿಗಳ ನಡುವೆ ಹೋಗಿತ್ತು. ಬೀರು ತುಂಬ ಹಳೇವೆಲ್ಲ ತುರುಕ್ಕಂಡಿದ್ದಲ್ಲ, ಚೊಕ್ಕ ಮಾಡ್ದೆ ಕಣಮ್ಮ, ಹೆಂಗೂ ನಮ್ಮನೇಲಿ ನೀನು ಚೂಡಿದಾರ ಹಾಕಂಗಿಲ್ಲ, ಒಳ್ಳೆ ಬಟ್ಟೆ, ಪೂರಾ ಕಾಟನ್ನು, ಕೈ ಸುಡಕ್ಕಿಲ್ಲ. ಅದು ಅವ್ವ ಕೊನೇದಾಗಿ ಹಾಕಿದ ಕಸೂತಿ ಅತ್ತೆಮ್ಮ. ಅದುಕ್ಯಾಕಮ್ಮ ಅಳ್ತೀಯ, ನಿಮ್ಮವ್ವ ಇದ್ದಿದ್ರೆ ಇಂಥವು ಇನ್ನತ್ತು ಹೊಲ್ಕೊಡೋಳು. ಇದ್ದಿದ್ರೆ! ಆ ಮಾತನ್ನು ಎಷ್ಟು ಸಲೀಸಾಗಿ ಅಂದಳು, ಉಪ್ಪು ಕಮ್ಮಿ ಅನ್ನುವ ಹಾಗೆ, ಸಂತೋಷನಿಗೆ ಹೇಳಿದರೆ ಅವನು ಫೋನು ನೋಡುತ್ತಲೇ, ಒಂದ್ ಬಟ್ಟೆಗೆ ಇಷ್ಟು ರಾದ್ಧಾಂತ್ವಾ, ಹೊಸದು ಕೊಡ್ಸ್ತೀನಿ ಬುಡು. ಉಳಿದ ತುಂಡೆಲ್ಲ ಸವೆದು ಸುಟ್ಟು ಹೋದವು, ಎದುರಿನ ಗಿಳಿಯೂ ಹೋಯಿತು, ದೊಡ್ಡ ಕಣ್ಣಿನ ಇದೊಂದು ಉಳಿಯಿತು, ಇದನ್ನು ಒಂದು ದಿನ ಕದ್ದು ತೊಳೆದು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು, ಗೌರಿ ಹಬ್ಬದ ತಾಂಬೂಲಕ್ಕೆ ವರದರಾಜಪ್ಪನವರ ಹೆಂಡತಿ ಕನಕಲಕ್ಷ್ಮಿ ಮಂಡ್ಯದಿಂದ ಬಂದ ದಿನ, ನಡುಮನೆ ತುಂಬ ಹೆಂಗಸರು, ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ಎಲ್ಲರೆದುರು ಎತ್ತಿ ತೋರಿಸಿದಳು, ನೋಡ್ರವ್ವ, ನಮ್ಮ ಸೊಸೆ ಒಡವೆ, ಮಸಿಬಟ್ಟೆ ಕದ್ದು ಹಾಸ್ಗೆ ಕೆಳಗೆ ಮಡಿಕ್ಕಂಡವ್ಳೆ. ಕನಕಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎಲ್ಲರೂ ನಕ್ಕರು. ಕುಸುಮಳೂ ನಕ್ಕಳು, ಅದೇ ಅವಳಿಗೆ ಇವತ್ತಿಗೂ ಉರಿಯುವುದು, ತಾನೂ ನಕ್ಕದ್ದು. ಆಮೇಲೆ ಅದನ್ನು ಮುಟ್ಟಲಿಲ್ಲ, ಮುಟ್ಟಿದರೆ ಸೋತ ಹಾಗೆ, ದಿನಾ ಬೆಳಿಗ್ಗೆ ಸಂಜೆ ಅತ್ತೆಯ ಕೈಯಲ್ಲಿ ಗಿಳಿ ಬೇಯುವುದನ್ನು ನೋಡಿದಳು, ನೋಡಿಕೊಂಡೇ ಚಪಾತಿ ಲಟ್ಟಿಸಿದಳು.

ಬೇಯಲಿ ಈಗ ಅವಳೂ. ಬಿ.ಪಿ. ಮಾತ್ರೆಯನ್ನು ಕುಸುಮ ಹೊರಗಿನ ಜೇಬಿನಲ್ಲಿ ಕೈಗೆ ಸಿಗುವ ಹಾಗೆ ಇಟ್ಟಳು, ಬೆಳಿಗ್ಗೆಯದು ಬೇರೆ, ರಾತ್ರಿಯದು ಬೇರೆ, ಚೀಟಿ ಅಂಟಿಸಿ — ಸಾಯೋದು ಬೇಡ, ಸಾಯಿಸುವಷ್ಟು ಕೆಟ್ಟವಳಲ್ಲ ದೇವಿರಮ್ಮನ ಮಗಳು, ಬೇಯಲಿ ಸಾಕು. ಮಾವನ ಚಿಕ್ಕ ಬ್ಯಾಗಿಗೆ ಬಿಳೀ ಹತ್ತಿ ಶರಟು, ತೆಳು ಪಂಚೆ, ಬನೀನು, ಆತನ ಮೇಲೇನೂ ಸಿಟ್ಟಿಲ್ಲ, ಆತ ತಣ್ಣಗೆ ತಿರುಗಾಡಿಕೊಂಡು ಬರಲಿ. ಆದರೆ ಇವಳು — ಕಲ್ಲುಬೀದಿಯ ನಟ್ಟನಡುವೆ, ಮೇಲೆ ಸೂರ್ಯ, ಕೆಳಗೆ ಕಾದ ಕಲ್ಲು, ರೇಷ್ಮೆ ಸೀರೆ ಮೈಗಂಟಿ, ಮರೂನ್ ಸ್ವೆಟರು, ಹಣೆಯ ಕುಂಕುಮ ಕರಗಿ ಮೂಗಿಗಿಳಿದು, ಪಕ್ಕದಲ್ಲಿ ತೆಳ್ಳನೆ ನೂಲಿನ ಸೀರೆಯುಟ್ಟ ಕನಕಲಕ್ಷ್ಮಿ, ಇದೇನ್ರೀ ಇಂದ್ರಮ್ಮ, ಈ ಉರಿಯಲ್ಲಿ ಮಂಕಿ ಟೋಪಿ! ಆಹಾ. ಹೊಟ್ಟೆಗೆ ಮಜ್ಜಿಗೆ ಹೊಯ್ದಷ್ಟು ತಂಪು. ಆದರೆ ಆಮೇಲೆ? ಆಮೇಲೆ ಸ್ವೆಟರು ಬಿಚ್ಚುತ್ತಾಳೆ. ಬಿಚ್ಚಿ, ಮಾವನ ಜೇಬಿಗೆ ಕೈ ಹಾಕಿಸಿ ಅಲ್ಲೇ ಒಂದು ತೆಳ್ಳನೆ ಫಾರಿನ್ ಗೌನು ಕೊಳ್ಳುತ್ತಾಳೆ, ಹಾಕಿಕೊಂಡು ಫೋಟೊ ತೆಗೆಸಿ ಕಳಿಸುತ್ತಾಳೆ, ಬಂದಮೇಲೆ ಆರು ತಿಂಗಳು ಅದೇ ಕಥೆ, ನಮ್ಮ ಸೊಸೆ ಓದ್ದೋಳು ಅಂತೀರಿ, ಸ್ವೆಟರ್ ಕಟ್ಕೊಟ್ಟಿದ್ಲು ಕಣ್ರವ್ವ, ಮತ್ತೆ ನಡುಮನೆ ತುಂಬ ನಗು. ಥೂ! ಇಷ್ಟಕ್ಕೇನಾ ಸುಳ್ಳು ಹೇಳಿದ್ದು? ಉಣ್ಣೆ ಬಿಚ್ಚಿದರೆ ಹೋಗುತ್ತೆ. ಬಿಚ್ಚಿದರೂ ಹೋಗದೆ ಇರೋದು ಬೇಕು.

ಹೋಟ್ಲಿಗೆ ಹೋದ ತಕ್ಷಣ ಕನಕಲಕ್ಷ್ಮೀನ ನನ್ನ ರೂಮಿಗೆ ಕರೀತೀನಿ, ಸೀರೆಯೆಲ್ಲ ಮಂಚದ ಮೇಲೆ ಹರವಿ ತೋರಿಸ್ತೀನಿ, ಅವ್ರು ಬಾಯ್ಬುಡ್ಬೇಕು ಅಂತ ನಿನ್ನೆಯಿಂದ ಹೇಳುತ್ತಿದ್ದಾಳೆ ಅತ್ತೆ. ಹರವಲಿ. ಇಂದ್ರಮ್ಮ ಹಿತ್ತಲಲ್ಲಿ ತಂಗಿಯ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದಾಳೆ, ಊ ಕಣೇ, ವಿಮಾನ್ದಾಗೇ ಊಟ ಕೊಡ್ತಾರಂತೆ — ಕುಸುಮ ಅಡುಗೆಮನೆಗೆ ಹೋದಳು, ಮೊಳೆಯಿಂದ ಮಸಿಬಟ್ಟೆ ತೆಗೆದಳು, ತೊಳೆಯಲಿಲ್ಲ, ತೊಳೆಯಬಾರದು, ಕೋಣೆಗೆ ತಂದು ಇಸ್ತ್ರಿಪೆಟ್ಟಿಗೆ ಕಾಯಿಸಿ ಅದರ ಮೇಲೆ ಎಳೆದಳು, ಸೀದ ಹಾಲಿನ ವಾಸನೆ, ಅರಿಶಿನದ ವಾಸನೆ, ಅದರ ಅಡಿಯಲ್ಲೆಲ್ಲೋ ಹೊಸ ಬಟ್ಟೆಯ ವಾಸನೆ, ಇರಲಿಕ್ಕಿಲ್ಲ, ಇತ್ತು. ರವಿಕೆಯನ್ನು ಗಿರಾಕಿಗೆ ಕೊಡುವಾಗ ಅವ್ವ ಮಡಿಸುತ್ತಿದ್ದ ಹಾಗೆ ಮೂರು ಮಡಿಕೆ, ಗಿಳಿ ಮೇಲಕ್ಕೆ. ಎಲ್ಲ ರೇಷ್ಮೆಯ ಮೇಲೆ, ನಟ್ಟನಡುವೆ ಇಟ್ಟಳು. ಹತ್ತಿ ಬಟ್ಟೆ ತನ್ನಿ ಅಂತ ಬರೆದಿದ್ದರಲ್ಲ, ತಗೊಳ್ಳಿ, ಇಡೀ ಪೆಟ್ಟಿಗೆಯಲ್ಲಿ ಇದೊಂದೇ, ಪೂರಾ ಕಾಟನ್ನು. ಮುಚ್ಚಳ ತೆಗೆದ ಕೂಡಲೇ ಕನಕಲಕ್ಷ್ಮಿಗೆ ಗುರುತು ಸಿಗುತ್ತೆ, ಅವತ್ತು ಅಷ್ಟು ನಕ್ಕವರು ಮರೆಯುತ್ತಾರೆಯೇ, ಅಯ್ಯೋ ಇಂದ್ರಮ್ಮ, ಮಸಿಬಟ್ಟೇನ ಇಲ್ಲೀತನಕ ಹೊತ್ಕೊಂಡ್ ಬಂದ್ರಾ! ನಗಲಿ, ಸೆರಗು ಒತ್ತಿಕೊಂಡು ನಗಲಿ, ಅತ್ತೆ ಏನು ಹೇಳುತ್ತಾಳೆ, ಸೊಸೆ ಇಟ್ಟಳು ಅಂದರೆ ಯಾಕೆ ಇಟ್ಟಳು ಅಂತ ಕೇಳುತ್ತಾರೆ, ಯಾಕೆ ಅಂತ ಅತ್ತೆಗೆ ಗೊತ್ತು, ಅವಳೊಬ್ಬಳಿಗೇ ಗೊತ್ತು, ಆ ಕೋಣೆಯಲ್ಲಿ ಅಷ್ಟು ದೂರದಲ್ಲಿ ಗಿಳಿ ಅವಳನ್ನು ನೋಡುತ್ತೆ. ಎಸೆಯುತ್ತಾಳೆ ಅದನ್ನು, ಅಲ್ಲೇ ಕಸದ ಬುಟ್ಟಿಗೆ — ಕುಸುಮಳ ಕೈ ಮುಚ್ಚಳದ ಮೇಲೆ ನಿಂತಿತು. ಮಳವಳ್ಳಿ ಬಿಟ್ಟರೆ ಮೈಸೂರು, ಅದರಾಚೆ ಕಾಲಿಡದ ಅವ್ವ. ಯಾವುದೋ ಊರಿನ ಕಸದಲ್ಲಿ ಅವ್ವನ ಬೆರಳು. ತೆಗೆದುಕೊಳ್ಳಲೇ, ಇನ್ನೂ ಹೊತ್ತಿದೆ, ಬರೀ ಗಿಳಿಯಷ್ಟನ್ನಾದರೂ ಕತ್ತರಿಸಿ — ಇಲ್ಲ, ಕತ್ತರಿ ಬೇಡ, ಅದರ ಮೈಗೆ ಇನ್ನೊಂದು ಕತ್ತರಿ ಬೇಡ, ಇಲ್ಲಿದ್ದರೂ ತಿಪ್ಪೆಗೇ ತಾನೆ, ಹೋಗುವುದಾದರೆ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿಯೇ ಹೋಗಲಿ.

ಜಿಪ್ಪು ಎಳೆದಳು, ಉಣ್ಣೆ ಉಬ್ಬಿಕೊಂಡು ಬಿಡಲೊಲ್ಲದು, ಮೇಲೆ ಹತ್ತಿ ಕುಳಿತಳು, ಕಿರ್ರ್ ಅಂತ ಒಂದು ಸುತ್ತು, ಬೀಗ ಟಕ್ ಅಂದಿತು, ಕೀಲಿ ಅತ್ತೆಯ ಕೈಚೀಲಕ್ಕೆ. ಇಳಿಯಲಿಲ್ಲ, ಕುಳಿತೇ ಇದ್ದಳು. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದು, ಹೊರಡುವ ಮುಂಚೆ ಕಾಫಿ, ಪಾತ್ರೆಯ ಸದ್ದು, ಆಮೇಲೆ, ಕುಸ್ಮಾ, ಮಸಿಬಟ್ಟೆ ಎಲ್ಲಮ್ಮ, ಮೊಳೆ ಮೇಲಿಲ್ವಲ್ಲ, ಕುಸ್ಮೋ, ಹಾಲು ಉಕ್ತಾ ಅದೆ ಕಣಮ್ಮೋ, ಎಲ್ಲ್ ಮಡಗಿದ್ಯೇ ಅದ್ನ, ಸುಯ್ ಅಂತ ಹಾಲು ಒಲೆಗೆ ಇಳಿದ ಸದ್ದು, ಪಾತ್ರೆ ಧಡಾರ್ ಅಂತ ಬಿದ್ದದ್ದು, ಅಯ್ಯವ್ವಾ ನನ್ನ ಕೈಯೇ — ಕುಸುಮ ಏಳಲಿಲ್ಲ, ಎದ್ದರೆ ಹೇಳಬೇಕು, ಎಲ್ಲಿದೆ ಅಂತ ಹೇಳಬೇಕು, ಕೆಳಗಿದೆ, ಇಲ್ಲೇ, ಅವಳ ತೊಡೆಯ ಕೆಳಗೆ, ಮುಚ್ಚಳದ ಕೆಳಗೆ, ಕತ್ತಲೆಯಲ್ಲಿ, ಅಷ್ಟೊಂದು ರೇಷ್ಮೆಯ ಮೇಲೆ ಮಲಗಿಕೊಂಡು, ಕೊಂಚ ದೊಡ್ಡದಾದ ಆ ಕೆಂಪು ದಾರದ ಕಣ್ಣು, ಗುರ್ ಅಂತ, ಮುಚ್ಚದ ಕಣ್ಣು, ಕಣ್ಣು —